ಹಲಗೆಯ ಸೊನ್ನೆ

“ಐದೂಕಾಲು” ಎಂದು ಅಳತೆಗಾರ ಸೇತುವೆಯ ಮೇಲಿಂದ ಕೂಗಿದ್ದು ಅಚ್ಚಿನ ಯಂತ್ರದ ಸದ್ದಿನ ನಡುವೆಯೂ ಕೇಳಿಸಿತು. ನದಿಯಲ್ಲಿ ನೆಟ್ಟ ಅಳತೆಯ ಹಲಗೆ ನೋಡಿ ದಿನಕ್ಕೆ ಮೂರು ಸಲ ನೀರಿನ ಮಟ್ಟ ಬರೆದುಕೊಳ್ಳುವುದು ಅವನ ಕೆಲಸ. ಕೂಗುವುದು ಕೆಲಸದಲ್ಲಿ ಸೇರಿರಲಿಲ್ಲ. ಅದು ಅವನಪ್ಪನ ಕಾಲದಿಂದ ಕೆಳಬೀದಿಗೆ ನಡೆದುಬಂದ ಉಪಕಾರ. ಆರು ಮೀಟರ್ ಎಂದು ಕೇಳಿದರೆ ಬೀದಿಯವರು ನೆಲದ ಮೇಲಿನ ಸಾಮಾನು ಎತ್ತುತ್ತಿದ್ದರು. ಆರರ ಒಳಗೆ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ.

ಆ ಬೀದಿಯಲ್ಲಿ ಅಚ್ಚಿನ ಅಂಗಡಿ ನಡೆಸುತ್ತಿದ್ದ ಪ್ರೆಸ್ಸಿನಕ್ಕನೂ ಕೆಡಿಸಿಕೊಳ್ಳಲಿಲ್ಲ. ಶಾಲೆಯ ನೋಟುಬುಕ್ಕಿಗೆಂದು ತರಿಸಿದ ಎಂಬತ್ತು ರೀಮು ಕಾಗದ ನೆಲದ ಮೇಲೇ ಪೇರಿಸಿಟ್ಟಿತ್ತು. ಒಮ್ಮೆ ನೆನೆದ ಕಾಗದ ಒಣಗಿದರೂ ಸೊಟ್ಟಗಾಗಿ ಯಂತ್ರದ ಬಾಯಿಗೆ ಹೋಗದು. ಶಾಲೆ ತೆರೆಯಲು ಹತ್ತೇ ದಿನ. ಹೊಸ ಕಾಗದ ಬರುವಷ್ಟರಲ್ಲಿ ಶಾಲೆಯವರು ಬೇರೆ ಪ್ರೆಸ್ಸು ನೋಡಿಕೊಂಡಿರುತ್ತಾರೆ.

ಕೈಯ ಮಸಿ ತೊಳೆಯಲು ಅವಳು ಹಿತ್ತಲ ಬಾಗಿಲು ತೆರೆದಳು. ನದಿಗಿಳಿಯುವ ಮೆಟ್ಟಿಲುಗಳಲ್ಲಿ ಮೇಲಿನಿಂದ ಮೂರನೆಯದು ಕಾಣಲಿಲ್ಲ. ಅದು ಮುಳುಗುವುದು ಆರು ದಾಟಿದ ಮೇಲೆ.

“ಐದೂಕಾಲು ಅಂದ್ನಲ್ಲ?” ಎಂದು ಯಂತ್ರ ನಡೆಸುತ್ತಿದ್ದ ಮೈದುನನನ್ನು ಕೇಳಿದಳು.

“ಹೂಂ ಅತ್ತಿಗೆ.”

“ಮೂರನೇ ಮೆಟ್ಲು ಮುಳುಗಿದೆ.”

“ಮೆಟ್ಲೇ ಕುಸಿದಿರ್ಬೇಕು. ನಮ್ಮಪ್ಪ ಕಟ್ಸಿದ್ದಲ್ವಾ, ಸಿಮೆಂಟು ಕಡಿಮೆ, ಮಾತು ಜಾಸ್ತಿ.”

ಅವಳು ನಗಲಿಲ್ಲ. ಮೂರನೆಯದು ಕುಸಿದಿದ್ದರೆ ಎರಡನೆಯದಾದರೂ ವಾಲಬೇಕಿತ್ತು, ಅದು ನೆಟ್ಟಗಿತ್ತು. ಆಗ ಹೊಸ ಹಲಗೆಯ ನೆನಪಾಯಿತು. ಕಳೆದ ತಿಂಗಳು ಹಳೆಯದು ಮುರಿದು ಹೊಸದನ್ನು ನೆಟ್ಟಾಗ, ಅಳತೆಗಾರನ ಕಚೇರಿಯವರು ಮನೆಮನೆಗೆ ಹಂಚಲು ‘ಮಳೆ ಮತ್ತು ನದಿಯ ಪದಗಳು: ಸರಳ ಅರ್ಥ’ ಎಂಬ ಹಾಳೆಯನ್ನು ಇಲ್ಲೇ ಅಚ್ಚು ಹಾಕಿಸಿದ್ದರು. ಅದರ ಪ್ರೂಫನ್ನು ಅವಳೇ ಮೂರು ಸಲ ನೋಡಿದ್ದಳು. ಕೊಂಬು, ಒತ್ತು, ದೀರ್ಘ ಒಂದೂ ತಪ್ಪಿರಲಿಲ್ಲ. ಅರ್ಥದ ಕಡೆಗೆ ಮಾತ್ರ ಕಣ್ಣು ಹಾಯಿಸಿರಲಿಲ್ಲ.

ರದ್ದಿಯ ರಾಶಿಯಿಂದ ಒಂದು ಹಾಳೆ ಎಳೆದು ಓದಿದಳು. ಒಳಹರಿವು, ಮಳೆಯ ಪ್ರಮಾಣ, ಎಚ್ಚರಿಕೆಯ ಮಟ್ಟ... ‘ಹಲಗೆಯ ಸೊನ್ನೆ: ಅಳತೆ ಶುರುವಾಗುವ ಜಾಗ. ಇದು ನದಿಯ ತಳವಲ್ಲ. ಹೊಸ ಹಲಗೆಯ ಸೊನ್ನೆ ಹಳೆಯದಕ್ಕಿಂತ ಒಂದು ಮೀಟರ್ ಮೇಲಿದೆ.’

ಹಾಳೆ ಹಿಡಿದೇ ಬೀದಿಗೆ ಬಂದಳು. ಅಳತೆಗಾರ ಕೊಡೆ ಮಡಿಸುತ್ತ ಸೇತುವೆ ಇಳಿದು ಬರುತ್ತಿದ್ದ.

“ಹಳೇ ಹಲಗೆ ಲೆಕ್ಕಕ್ಕೆ ಇವತ್ತು ಎಷ್ಟಪ್ಪ?”

“ಆರೂಕಾಲು. ಯಾಕಕ್ಕ?”

“ಐದೂಕಾಲು ಅಂತ ಕೂಗ್ತೀಯ, ಬೀದಿ ಹಾಯಾಗಿ ಕೂತಿದೆ.”

“ಹಾಳೆ ಹಂಚಿದೀವಲ್ಲ. ನೀವೇ ಅಚ್ಚು ಹಾಕಿದ್ದು.”

ಅವಳು ಕೈಯಲ್ಲಿದ್ದ ಹಾಳೆಯನ್ನು ಮಡಿಸಿದಳು. “ಆಯ್ತು, ಆರೂಕಾಲು ಅಂತ ಕೂಗು ಈಗ.”

“ಪುಸ್ತಕದಲ್ಲಿ ಐದೂಕಾಲು ಬರ್ಕೊಂಡಿದೀನಿ ಅಕ್ಕ.”

“ಪುಸ್ತಕಕ್ಕೆ ಐದೂಕಾಲೇ ಇರ್ಲಿ. ಬೀದಿಗೆ ಆರೂಕಾಲು.”

ಅವನು ಬೀದಿಯತ್ತ ನೋಡಿದ. ದರ್ಜಿ ಬಟ್ಟೆಯ ಗಂಟುಗಳನ್ನು ಕಾಲ ಬುಡದಲ್ಲಿಟ್ಟುಕೊಂಡು ಹೊಲಿಯುತ್ತಿದ್ದ. ಅಳತೆಗಾರ ಗಂಟಲು ಸರಿಮಾಡಿಕೊಂಡು ಕೂಗಿದ. ಹೊಲಿಗೆ ನಿಂತಿತು. ಒಂದೊಂದೇ ಮನೆಯೊಳಗಿಂದ ಮಂಚ, ಪೆಟ್ಟಿಗೆ ಎಳೆಯುವ ಸದ್ದು ಕೇಳತೊಡಗಿತು.

ಅತ್ತಿಗೆ ಮೈದುನ ಇಬ್ಬರೂ ಕಾಗದವನ್ನು ಅಟ್ಟಕ್ಕೆ ಹೊತ್ತರು. ಒಂಬತ್ತು ರೀಮು ಉಳಿದಿರುವಾಗ ಹಿತ್ತಲ ಬಾಗಿಲಿನ ಅಡಿಯಿಂದ ನೀರು ನುಸುಳಿತು. ಕೊನೆಯ ಎರಡು ನೆನೆದವು.

ಸಂಜೆಯ ಹೊತ್ತಿಗೆ ನೀರು ಕಾಲಿನ ಹರಡಿನವರೆಗೆ ಬಂದು ನಿಂತಿತು. ಪ್ರೆಸ್ಸಿನಕ್ಕ ಪ್ರೂಫ್ ತಿದ್ದುವ ಕೆಂಪು ಪೆನ್ಸಿಲಿನಿಂದ ಬಾಗಿಲ ಕಂಬದ ಮೇಲೆ, ನೀರು ಮುಟ್ಟಿದಲ್ಲಿ ಒಂದು ಗೆರೆ ಎಳೆದಳು.

“ಎಷ್ಟು ಅಂತ ಬರೀತೀರಿ ಅತ್ತಿಗೆ?” ಮೈದುನ ಅಟ್ಟದ ಏಣಿಯ ಮೇಲಿಂದ ಕೇಳಿದ.

ಅವಳು ಗೆರೆಯ ಪಕ್ಕ ಯಾವ ಅಂಕಿಯನ್ನೂ ಬರೆಯದೆ ಪೆನ್ಸಿಲನ್ನು ಮುಡಿಗೆ ಸಿಕ್ಕಿಸಿಕೊಂಡಳು. ಪದಗಳ ಹಾಳೆಯೊಂದು ತೇಲುತ್ತ ಬಂದು ಕಂಬಕ್ಕೆ ತಾಗಿತು, ಸ್ವಲ್ಪ ಹೊತ್ತು ಅಲ್ಲೇ ಅಂಟಿಕೊಂಡಿತ್ತು, ಮತ್ತೆ ತಿರುಗಿಕೊಂಡು ಹೋಯಿತು.