ಬ್ರೇಕ್ ಮೇಲಿನ ಕಾಲು

ಟಪ್ ಎಂದಿತಲ್ಲ, ಒಣ ಸೌದೆ ಮುರಿದ ಹಾಗೆ, ಆಮೇಲೆ ಇಂಜಿನ್ನಿನದು ಬರೀ ಬೊಬ್ಬೆ, ಕಾರು ಒಂದಡಿಯೂ ಮುಂದಕ್ಕಿಲ್ಲ — ಒಳ್ಳೆಯದಾಯಿತು, ಹಾಗೇ ಆಗಬೇಕು, ಬಾಬಾಬುಡನ್‌ಗಿರಿಯ ಈ ಏರಿನಲ್ಲೇ ಆಗಬೇಕು, ಹೇಳಿರಲಿಲ್ಲವೇ ನಾನು, ನೀನು ಇಂಜಿನ್ ಬದಲಾಯಿಸಿದೆ, ಗೇರ್‌ಬಾಕ್ಸ್ ಬದಲಾಯಿಸಿದೆ, ಹಿಂದಿನ ಚಕ್ರ ತಿರುಗಿಸುವ ಆ್ಯಕ್ಸಲ್ ಮಾತ್ರ ಅಪ್ಪನ ಕಾಲದ್ದೇ, ಇಷ್ಟು ದೊಡ್ಡ ಇಂಜಿನ್ನಿನ ಎಳೆತವನ್ನು ಆ ಬಡಕಲು ಕಬ್ಬಿಣ ತಡೆಯುತ್ತದೆಯೇ ಸುದೀಪ, ದೊಡ್ಡ ಎತ್ತು ಕಟ್ಟುವವನು ನೊಗವನ್ನೂ ನೋಡಬೇಕು. ನಿಂಗೇನು ಗೊತ್ತಕ್ಕ, ನೀನು ಸುಮ್ನಿರು ಮಾರಾಯ್ತಿ. ಅಂದಿದ್ದ ಇವನು. ಈ ಎರಡು ಸೀಟಿನ ಹಳೇ ಕಾರನ್ನು ಓಡಿಸಲು ಆಲ್ದೂರಿನ ರಸ್ತೆಯಲ್ಲಿ ಅಪ್ಪ ಕಲಿಸಿದ್ದು ನನಗೆ, ಪಂಚಮೀ, ಕ್ಲಚ್ ನಿಧಾನ ಬಿಡೇ, ಈ ತಮ್ಮನಿಗಾಗ ಮೂಗು ಒರೆಸಿಕೊಳ್ಳಲೂ ಬರುತ್ತಿರಲಿಲ್ಲ, ಆದರೂ ಅಪ್ಪ ಹೋದ ಮೇಲೆ ಕಾರು ಗಂಡುಮಗನಿಗೆ, ನನಗೆ ಅಮ್ಮನ ಬಳೆ, ತೀರ್ಮಾನಿಸಿದವರು ಯಾರೂ ಇಲ್ಲ, ಕೀಲಿ ಇವನ ಜೇಬಿಗೆ ಹೋಯಿತು, ಅಷ್ಟೇ. ಇವತ್ತು ರ‍್ಯಾಲಿಗೆ ಮುಂಚಿನ ಟ್ರಯಲ್, ಪಕ್ಕದ ಸೀಟಿನಲ್ಲಿ ಭಾರ ಬೇಕಂತೆ, ಅದಕ್ಕೆ ಅಕ್ಕ. ಭಾರ!

ಈಗ ಸ್ಟಿಯರಿಂಗ್ ಮುಂದೆ ಕೂರಿಸಿದ್ದಾನೆ, ಬ್ರೇಕ್ ತುಳಿಯಲು ಒಂದು ಕಾಲು ಬೇಕಲ್ಲ — ಆ್ಯಕ್ಸಲ್ ಮುರಿದ ಮೇಲೆ ಗೇರಿಗೂ ಚಕ್ರಕ್ಕೂ ಸಂಬಂಧವೆಲ್ಲಿ, ಗೇರಿನಲ್ಲಿಟ್ಟರೂ ಕಾರು ಹಿಂದಕ್ಕೆ ಜಾರುತ್ತದೆ, ಹ್ಯಾಂಡ್‌ಬ್ರೇಕಿನ ಕೇಬಲ್ ಹೊಸ ಗೇರ್‌ಬಾಕ್ಸಿಗೆ ಅಡ್ಡ ಬಂತೆಂದು ಕತ್ತರಿಸಿದವನೂ ಇವನೇ, ಇಲ್ಲಿನ ಎಲ್ಲ ಜೀಪಿನಲ್ಲೂ ಇರುವ, ಚಕ್ರ ಉರುಳದಂತೆ ಅಡ್ಡ ಕೊಡುವ ಕಲ್ಲನ್ನು, ರೇಸ್ ಕಾರಿಗೆ ಕಲ್ಲಾ ಅಂತ ನಕ್ಕು ಚರಂಡಿಗೆ ಎಸೆದವನೂ ಇವನೇ. ರಸ್ತೆ ಬದಿಯಲ್ಲಿ ಕಲ್ಲಿಗೇನು ಬರ, ಹುಡುಕೋ ಅಂದೆ. ಒಂದ್ನಿಮಿಷ ನೋಡ್ತೀನಷ್ಟೆ, ನೀನು ಒತ್ಕೊಂಡಿರು ಸಾಕು. ಹಿಂದಿನ ಚಕ್ರದ ಹಿಂಬದಿಯಿಂದ ಕಾರಿನ ಕೆಳಗೆ ತೂರಿದ್ದಾನೆ, ಬದಿಯ ಕನ್ನಡಿಯಲ್ಲಿ ಅವನ ಎರಡು ಪಾದ ಮಾತ್ರ, ತಾಳ ಹಾಕುವ ಹಾಗೆ ಅಲ್ಲಾಡುತ್ತಿವೆ. ನಿನ್ನ ತೂಕಕ್ಕೇ ಮುರೀತು ಕಣೇ ಅಕ್ಕ. ನಗುತ್ತಾನೆ, ಅಲ್ಲಿ ಮಲಗಿ ನಗುತ್ತಾನೆ — ದ್ವೇಷ, ಹೌದು, ದ್ವೇಷವೇ, ಕಾಲಡಿಯ ಪೆಡಲ್ ತುಸು ಮೇಲೆ, ಕಾರು ಒಂದು ಬೆರಳಷ್ಟು ಹಿಂದೆ. ಏಯ್ ಏಯ್ ಅಕ್ಕ! ಒತ್ತಿದೆ. ನಾನೇ ಬಿಟ್ಟೆನೋ, ಕಾಲು ತಾನಾಗಿ ಮೇಲೆ ಬಂತೋ. ಕಾರು ಯಾರದೋ ಸುದೀಪ, ಕೇಳುತ್ತಿರುವುದು ನನ್ನದೇ ಬಾಯಿ. ನಿಂದೇ ಅಕ್ಕ, ನಿಂದೇ, ದಮ್ಮಯ್ಯ ಬಿಡ್ಬೇಡ. ಇಷ್ಟು ಸುಲಭವಿತ್ತೇ. ಹೊರಗೆ ಬಾರೋ ಅನ್ನಬೇಕು, ಅನ್ನುತ್ತಿಲ್ಲ ನಾನು, ಕನ್ನಡಿಯಲ್ಲಿ ಆ ಎರಡು ಪಾದ, ಅಲ್ಲಾಡುವುದನ್ನು ನಿಲ್ಲಿಸಿದ ಪಾದ, ಬೆರಳು ಮಡಚಿಕೊಂಡು ಕಾಯುತ್ತಿರುವ ಪಾದ