ಬೇಲಿ ಪಕ್ಕದ ವಿಚಾರಣೆ

ನಮ್ಮ ಬೀದಿಗೆ ಅಂಟಿಕೊಂಡ ವಿದ್ಯುತ್ ಕೇಂದ್ರದಲ್ಲಿ ಇನ್ನೊಂದು ದೈತ್ಯ ಟ್ರಾನ್ಸ್‌ಫಾರ್ಮರ್ ಕೂರಿಸಲು ಕಂಪನಿ ಹೊರಟಿತ್ತು. ಇದ್ದದ್ದರ ಗುಂಯ್ ಎನ್ನುವ ಸದ್ದಿಗೇ ಹಸುಗೂಸುಗಳು ಕಣ್ಣು ಮುಚ್ಚುತ್ತಿರಲಿಲ್ಲ. ತಂಪು ಕೋಣೆಯಲ್ಲಿ ಕೂತವರು ಬಡವರ ಕಿವಿಯ ಬಗ್ಗೆ ತೀರ್ಪು ಕೊಡಬಾರದು, ವಿಚಾರಣೆ ಯೋಜನೆಯ ಜಾಗದಲ್ಲೇ ನಡೆಯಬೇಕು ಎಂಬ ನಿಯಮ ಬರೆದವಳು ಇಂಧನ ಕಾನೂನಿನ ಪ್ರಾಧ್ಯಾಪಕಿಯಾದ ನನ್ನ ಅಕ್ಕ. ಅದನ್ನು ಜಾರಿಗೆ ತರುವಷ್ಟರಲ್ಲಿ ಅವಳ ಅರ್ಧ ಆಯುಷ್ಯ ಸವೆದಿತ್ತು.

"ಕರೆಂಟ್ ಕಂಬ ಕಟ್ಕೊಂಡು ಏನ್ ಸಂಸಾರ ಮಾಡ್ತೀಯೇ?" ಎಂದು ಅಮ್ಮ ಹಂಗಿಸುತ್ತಿದ್ದಳು.

ವಿಚಾರಣೆಯ ದಿನ ವಿದ್ಯುತ್ ಆಯೋಗದವರು ಕೇಂದ್ರದ ಬೇಲಿ ಪಕ್ಕದಲ್ಲೇ ಕುರ್ಚಿ ಹಾಕಿಸಿದರು. ನಮ್ಮ ಪರ ಅಕ್ಕ ಬಂದಿದ್ದಳು. ಮೊದಲು ಕಂಪನಿಯ ವಕೀಲರು ಎದ್ದು ಏನೋ ಹೇಳಿದರು.

"ಏನಂದ್ರಿ? ಕೇಳಿಸ್ಲಿಲ್ಲ," ಎಂದರು ಆಯೋಗದ ಅಧ್ಯಕ್ಷರು.

ವಕೀಲರು ಕೊರಳ ನರ ಉಬ್ಬಿಸಿ ಕೂಗಿದರು: "ಸದ್ದಿನಿಂದ ಯಾರಿಗೂ ತೊಂದ್ರೆ ಇಲ್ಲ ಸಾರ್!"

"ಅಯ್ಯೋ, ಗಂಟ್ಲು ಹರ್ಕೋಬೇಡಿ ಸ್ವಾಮಿ," ಎಂದಳು ಪಕ್ಕದ ಮನೆಯ ಅಜ್ಜಿ. ಬೀದಿಗೆ ಬೀದಿಯೇ ನಕ್ಕಿತು.

ಅಕ್ಕ ಅಧ್ಯಕ್ಷರ ಹತ್ತಿರ ಹೋಗಿ, "ನನ್ನ ವಾದಾನೂ ಅವ್ರೇ ಮುಗಿಸಿದ್ರು," ಎಂದು ಬಂದು ಕೂತಳು.

ಅಧ್ಯಕ್ಷರು ಅಲ್ಲೇ ಅನುಮತಿ ನಿರಾಕರಿಸಿದರು. ಅಮ್ಮ ತಡೆಯಲಾರದೆ ಎದ್ದು ನಿಂತು, ಕಂಪನಿಯವರಿಗೂ ಕೇಳುವಂತೆ ಸಾರಿದಳು: "ಅವಳು ನಮ್ಮ ದೊಡ್ಡೋಳು ಕಣ್ರೀ!"