ದಪ್ಪಗೆ ಬಳಿದ ಅಂಟು

ರಾಮಚಂದ್ರಪ್ಪ ಭದ್ರಾವತಿಯ ಕಾರ್ಖಾನೆಯೊಂದರ ಎಂಜಿನ್ ವಿಭಾಗದಲ್ಲಿದ್ದಾನೆ ಎಂದು ಮದುವೆ ಮಾತುಕತೆಯಲ್ಲಿ ಮಧ್ಯಸ್ಥರು ಹೇಳಿದ್ದು ಸುಳ್ಳೇನಲ್ಲ. ಅವನಿದ್ದದ್ದು ಆ ವಿಭಾಗದ ಉಗ್ರಾಣದಲ್ಲಿ. ಕಿಟಕಿಯಾಚೆ ಬಂದು ನಿಂತ ಫಿಟ್ಟರುಗಳಿಗೆ ಬೋಲ್ಟು, ಬೇರಿಂಗು, ಪ್ಯಾಕಿಂಗ್ ಹಾಳೆ, ಅಂಟಿನ ಡಬ್ಬಿ ಎತ್ತಿ ಕೊಡುವುದು ಅವನ ಕೆಲಸ. ಎಂಜಿನ್ನಿನ ಒಂದೊಂದು ಭಾಗದ ಹೆಸರೂ ಬಾಯಿಪಾಠವಾಗಿತ್ತು. ಆದರೆ ಒಂದನ್ನಾದರೂ ಬಿಚ್ಚಿ ಕಟ್ಟಿದವನಲ್ಲ. ಹೊಳಲೂರಿನ ಮಾವ ಚೌಡಪ್ಪ ಮಾತ್ರ ಅಳಿಯ ದೊಡ್ಡ ಮೇಸ್ತ್ರಿಯೆಂದೇ ತಿಳಿದಿದ್ದರು, ಊರಿಗೂ ಹಾಗೇ ಹೇಳಿಕೊಂಡಿದ್ದರು. ಅದನ್ನು ತಿದ್ದಲು ರಾಮಚಂದ್ರಪ್ಪನಿಗೆ ಮನಸ್ಸಾಗಲಿಲ್ಲ. ಕೇಳುವುದಕ್ಕೆ ಹಿತವಾಗಿತ್ತು.

ಆ ವರ್ಷ ಯುಗಾದಿಗೆ ಹೆಂಡತಿ ಪ್ರೇಮಮ್ಮನ ಜೊತೆ ಹೊಳಲೂರಿಗೆ ಹೋದಾಗ, ಹೊಳೆಯಿಂದ ಕಬ್ಬಿಗೆ ನೀರೆತ್ತುವ ಡೀಸೆಲ್ ಎಂಜಿನ್ ಎಣ್ಣೆ ಸೋರಿಸುತ್ತಿತ್ತು. ಎಂಜಿನ್ನಿನ ಅಡಿಗೆ ಎಣ್ಣೆ ನಿಲ್ಲುವ ಕಬ್ಬಿಣದ ತಟ್ಟೆಯೊಂದನ್ನು ಬೋಲ್ಟು ಹಾಕಿ ಬಿಗಿದಿರುತ್ತಾರೆ, ಆಯಿಲ್ ಪ್ಯಾನ್ ಅಂತ. ಎರಡರ ನಡುವೆ ಸಂದು ಮುಚ್ಚುವ ಪ್ಯಾಕಿಂಗ್ ಹಳತಾಗಿ ಹರಿದುಹೋಗಿತ್ತು.

"ಶಿವಮೊಗ್ಗದಿಂದ ಜಂಬಣ್ಣ ಮೇಸ್ತ್ರೀನ ಕರೆಸೋಣ ಗೌಡ್ರೇ," ಎಂದ ಆಳು ಓಬಯ್ಯ. ಎಂಜಿನ್ ಕೊಂಡು ತಂದಾಗಿನಿಂದ ಅದನ್ನು ಓಡಿಸುತ್ತಿದ್ದವನು ಅವನೇ.

"ಮನೇಲೇ ಮೇಸ್ತ್ರಿ ಇರೋವಾಗ ಹೊರಗಿನೋರು ಯಾಕೋ?" ಎಂದರು ಚೌಡಪ್ಪ.

ಪಕ್ಕದ ಹೊಲದ ಪುಟ್ಟಣ್ಣ, ಜೊತೆಗೆ ಇನ್ನಷ್ಟು ಜನ ಅಲ್ಲೇ ನಿಂತಿದ್ದರು. ಎಲ್ಲರೂ ತನ್ನ ಕಡೆ ತಿರುಗಿದಾಗ, ನನಗೆ ಬರುವುದಿಲ್ಲ ಎನ್ನಲು ರಾಮಚಂದ್ರಪ್ಪನಿಗೆ ನಾಚಿಕೆಯಾಯಿತು. "ಅದೇನು ದೊಡ್ಡ ಕೆಲಸ ಅಲ್ಲ ಬಿಡಿ," ಎಂದುಬಿಟ್ಟ.

ಮರುದಿನ ಶಿವಮೊಗ್ಗದ ಬಜಾರಿಗೆ ಹೋಗಿ ಪ್ಯಾಕಿಂಗ್ ಹಾಳೆಯನ್ನೂ ಅಂಟಿನ ಡಬ್ಬಿಯನ್ನೂ ತಂದ. ಓಬಯ್ಯ ಎಂಜಿನ್ನನ್ನು ಬುಡದಿಂದ ಬಿಡಿಸಿ ಗೋಣಿತಾಟಿನ ಮೇಲೆ ಪಕ್ಕಕ್ಕೆ ಮಲಗಿಸಿಕೊಟ್ಟ. ಹಳೆಯ ಪ್ಯಾಕಿಂಗ್ ಕಬ್ಬಿಣಕ್ಕೆ ಕಚ್ಚಿಕೊಂಡಿತ್ತು. ರಾಮಚಂದ್ರಪ್ಪ ಕೆರೆದೂ ಕೆರೆದೂ ಬೆರಳು ನೋಯಿಸಿಕೊಂಡು, ಉಳಿದದ್ದು ಇರಲಿ, ಮೇಲೆ ಅಂಟು ಕೂರುತ್ತದಲ್ಲ ಎಂದು ಬಿಟ್ಟ. ಉಗ್ರಾಣದ ಕಿಟಕಿಯಲ್ಲಿ ಹೊಸ ಫಿಟ್ಟರುಗಳಿಗೆ ಡಬ್ಬಿ ಕೊಡುವಾಗ, ತೆಳ್ಳಗೆ ಹಚ್ಚಿ, ದಪ್ಪ ಆದ್ರೆ ಕೆಡುತ್ತೆ ಎಂದು ಅವನೇ ಎಷ್ಟೋ ಸಲ ಹೇಳಿದ್ದುಂಟು. ಈಗ ಸೋರಿದರೆ ಮಾನ ಹೋಗುತ್ತದೆಂಬ ಭಯಕ್ಕೆ ಎರಡೂ ಕಡೆ ಡಬ್ಬಿ ಖಾಲಿಯಾಗುವವರೆಗೆ ಬಳಿದ. ಎದುರುಬದುರಾಗಿ ಸ್ವಲ್ಪ ಸ್ವಲ್ಪವೇ ಬಿಗಿಯಬೇಕಾದ ಬೋಲ್ಟುಗಳನ್ನು ಪಾನಾ ಹಿಡಿದು ಒಂದು ಕಡೆಯಿಂದ ಪೂರ್ತಿ ಬಿಗಿದುಕೊಂಡು ಬಂದ. ಅಂಚಿನಿಂದ ಅಂಟು ಹೊರಕ್ಕೆ ಉಕ್ಕಿತು. ಬಟ್ಟೆಯಿಂದ ಒರೆಸಿದ. ಒಳಕ್ಕೂ ಇಷ್ಟೇ ಇಳಿದಿರಬೇಕು ಅನ್ನಿಸಿತು. ಒಳಗಿನದು ಯಾರಿಗೆ ಕಾಣುತ್ತದೆ ಎಂದು ಸುಮ್ಮನಾದ.

ಅಂಟು ಒಣಗಿದ ಮೇಲೆ ಎಂಜಿನ್ ಎತ್ತಿ ಕೂರಿಸಿ, ಎಣ್ಣೆ ತುಂಬಿ ಓಡಿಸಿದರು. ಓಬಯ್ಯ ಅಡಿಗೆ ಕೈಯಾಡಿಸಿ ಅಂಗೈ ತೋರಿಸಿದ, ಒಂದು ತೊಟ್ಟೂ ಇರಲಿಲ್ಲ. ಚೌಡಪ್ಪ ಆ ಸಂಜೆ ಸಿಕ್ಕಿದವರನ್ನೆಲ್ಲ ನಿಲ್ಲಿಸಿ ಸುದ್ದಿ ಹೇಳಿದರು. ಊಟಕ್ಕೆ ಕೂತಾಗ ಅತ್ತೆ ಕೇಳದೆಯೇ ಇನ್ನೊಂದು ಮಿಳ್ಳೆ ತುಪ್ಪ ಬಡಿಸಿದರು. ರಾಮಚಂದ್ರಪ್ಪನಿಗೆ ತಾನು ನಿಜವಾಗಿಯೂ ಮೇಸ್ತ್ರಿಯೇ ಇರಬಹುದು ಅನ್ನಿಸಿತು.

ತಿಂಗಳು ಕಳೆಯುವ ಮುಂಚೆ ಭದ್ರಾವತಿಯ ಓಲ್ಡ್ ಟೌನಿನಲ್ಲಿ, ಎತ್ತು ನೋಡಲು ಬಂದಿದ್ದ ಪುಟ್ಟಣ್ಣ ಎದುರಾದ.

"ನಿಮ್ಮ ಮಾವನ ಎಂಜಿನ್ ಹಿಡ್ಕೊಂಡು ನಿಂತೇಬಿಡ್ತು ಮಾರಾಯ್ರೇ, ಭಾನುವಾರ ಜಂಬಣ್ಣನ ಶೆಡ್ಡಲ್ಲಿ ಬಿಚ್ಚಿಸ್ತಾರಂತೆ. ಓಬಯ್ಯ ಎಣ್ಣೆ ನೋಡ್ದೆ ಓಡಿಸಿದಾನೆ. ಗೌಡ್ರು ಎಲ್ರ ಮುಂದೆ ಬೈದು ಕಳಿಸಿದ್ರು. ಈಗ ನನ್ನ ಹೊಲಕ್ಕೆ ಬರ್ತಾನೆ," ಎಂದು ನಿಟ್ಟುಸಿರು ಬಿಟ್ಟ. "ನೀವು ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ರಿ."

ಮನೆಗೆ ಬಂದು ಹೇಳಿದಾಗ ಪ್ರೇಮಮ್ಮ ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು. "ಓಬಯ್ಯ ಎಣ್ಣೆ ಮರೆಯೋನಲ್ಲ," ಎಂದಳು. "ಬೆಳಗ್ಗೆ ಅದನ್ನ ನೋಡ್ದೆ ಕಾಫೀನೂ ಕುಡಿಯಲ್ಲ ಅವನು." ರಾಮಚಂದ್ರಪ್ಪ ಕಾಲು ತೊಳೆಯುವ ನೆಪದಲ್ಲಿ ಹಿತ್ತಲಿಗೆ ಹೋಗಿ ಬಹಳ ಹೊತ್ತು ಅಲ್ಲೇ ನಿಂತ.

ರಜೆಯ ದಿನ ಅವನು ಶಿವಮೊಗ್ಗಕ್ಕೆ ಹೋದ. ಜಂಬಣ್ಣ ಮೇಸ್ತ್ರಿಯ ಶೆಡ್ಡಿನಲ್ಲಿ ಎಂಜಿನ್ ದಿಮ್ಮಿಗಳ ಮೇಲೆ ನಿಂತಿತ್ತು, ಚೌಡಪ್ಪ ಪಕ್ಕದ ಬೆಂಚಿನ ಮೇಲೆ ಕೂತಿದ್ದರು. ಅಳಿಯನನ್ನು ಕಂಡು ಸರಿದು ಜಾಗ ಕೊಟ್ಟರು. ಮೇಸ್ತ್ರಿ ಡ್ರೈನ್ ಬೋಲ್ಟು ತಿರುಗಿಸಿದ. ಎಣ್ಣೆ ಸುರಿಯತೊಡಗಿತು. ಬಕೆಟ್ ತುಂಬುತ್ತಾ ಬಂತು.

"ಎಣ್ಣೆ ಎಲ್ಲಿ ಕಮ್ಮಿ ಇತ್ತು ಗೌಡ್ರೇ? ಬೇಕಾದಷ್ಟು ಇದೆಯಲ್ಲ," ಎಂದ.

ಮೇಸ್ತ್ರಿ ಪ್ಯಾನ್ ಇಳಿಸಿ, ಎಣ್ಣೆ ಮೇಲಕ್ಕೆ ಹೀರುವ ಕಡೆಯಲ್ಲಿದ್ದ ಜಾಲರಿಯನ್ನು ಬೆಳಕಿಗೆ ಹಿಡಿದ. ಕಂದು ಬಣ್ಣದ ಅಂಟಿನ ಚಕ್ಕೆಗಳು ಅದರ ಮೇಲೆ ಒಂದರ ಮೇಲೊಂದು ಕೂತು ತೂತುಗಳನ್ನೆಲ್ಲ ಮುಚ್ಚಿದ್ದವು. ಅವನು ಒಂದನ್ನು ಉಗುರಿನಿಂದ ಕಿತ್ತ.

"ಒಳಗೆ ಉಕ್ಕಿ ಒಣಗಿ ಉದುರಿದೆ. ಎಣ್ಣೆ ಮೇಲಕ್ಕೇ ಹೋಗಿಲ್ಲ, ಬೇರಿಂಗ್ ಸುಟ್ಟುಹೋಗಿದೆ. ಯಾರು ಇದನ್ನ ಕೂರಿಸಿದ್ದು?"

ರಾಮಚಂದ್ರಪ್ಪ ಬಾಯಿ ತೆರೆಯುವಷ್ಟರಲ್ಲಿ ಚೌಡಪ್ಪ, "ಯಾವನೋ ದಾರಿಮೇಲೆ ಹೋಗೋ ಮೇಸ್ತ್ರಿ. ಹೆಸರು ಕೇಳ್ಲಿಲ್ಲ," ಎಂದರು.

"ಅಂಥೋನ ಕೈಗೆ ಪಾನಾ ಕೊಡಬಾರ್ದು ಗೌಡ್ರೇ."

"ಕೊಡಬಾರ್ದಿತ್ತು," ಎಂದರು ಚೌಡಪ್ಪ, ನೆಲ ನೋಡುತ್ತಾ.

ಆಗಲೂ ರಾಮಚಂದ್ರಪ್ಪ ಬಾಯಿ ಬಿಡಲಿಲ್ಲ. ತೆರೆದ ಬಾಯಿಯನ್ನು ಮಾವನ ಸುಳ್ಳಿನ ಹಿಂದೆ ಮುಚ್ಚಿಕೊಂಡ ಆ ಗಳಿಗೆ, ಎಂಜಿನ್ ಕೆಡಿಸಿದ್ದಕ್ಕಿಂತ ಹೆಚ್ಚಾಗಿ ಅವನನ್ನು ಸುಟ್ಟಿತು.

ಹೊಳಲೂರಿನ ಬಸ್ಸಿಳಿದು ಹೊಲದ ದಾರಿ ಹಿಡಿದ ಮೇಲೆ ತಡೆಯಲಾಗಲಿಲ್ಲ. "ಮಾವ, ನನಗೆ ಎಂಜಿನ್ ಕೆಲಸ ಬರಲ್ಲ. ನಾನು ಸಾಮಾನು ಎತ್ತಿ ಕೊಡೋನು ಅಷ್ಟೇ."

ಚೌಡಪ್ಪ ನಡೆಯುತ್ತಲೇ ಇದ್ದರು. "ನೀವು ಪಾನಾ ಹಿಡಿದಾಗ್ಲೇ ನನಗೆ ಅನುಮಾನ ಬಂತು ಅಳಿಯಂದ್ರೇ. ಅಷ್ಟು ಜನದ ಮುಂದೆ ಇಡಿ ಕೆಳಗೆ ಅಂತ ಹೆಂಗೆ ಹೇಳ್ಲಿ? ಊರೆಲ್ಲ ಹೊಗಳಿಕೊಂಡು ಬಂದೋನು ನಾನು." ಸ್ವಲ್ಪ ದೂರ ಹೋಗಿ ನಿಂತರು. "ಎಂಜಿನ್ ನಿಂತಾಗ ಮೊದಲು ನೆನಪಾಗಿದ್ದು ನಿಮ್ಮ ಕೈಯೇ. ಆದ್ರೂ ಓಬಯ್ಯನ್ನ ಬೈದೆ. ಅವನು ತಿರುಗಿ ಮಾತಾಡಲ್ಲ ನೋಡಿ."

ಅಷ್ಟು ಹಿರಿಯ ಮನುಷ್ಯ ತನ್ನಿಂದಾಗಿ ಹೀಗೆ ನಿಲ್ಲುವಂತಾಯಿತಲ್ಲ ಎಂದು ರಾಮಚಂದ್ರಪ್ಪ ಮುಖ ಎತ್ತಲಾರದೆ ಹೋದ.

ಇಬ್ಬರೂ ಮನೆಗೆ ಹೋಗದೆ ನೇರ ಪುಟ್ಟಣ್ಣನ ಕಬ್ಬಿನ ಹೊಲಕ್ಕೆ ಹೋದರು. ಓಬಯ್ಯ ಕಾಲುವೆ ಕಟ್ಟುತ್ತಿದ್ದ. ಪುಟ್ಟಣ್ಣನೂ ಕೆಲಸದವರೂ ಬದುವಿನ ಮೇಲೆ ಎಲೆ ಅಡಿಕೆ ಹಾಕುತ್ತಿದ್ದರು. ಚೌಡಪ್ಪ ಮಾತು ತೆಗೆಯುವ ಮೊದಲೇ ರಾಮಚಂದ್ರಪ್ಪ ಮುಂದೆ ಬಂದ.

"ಎಂಜಿನ್ ಕೆಡಿಸಿದ್ದು ನಾನು, ಓಬಯ್ಯ. ಎಣ್ಣೆ ತುಂಬಾ ಇತ್ತು. ನಾನು ಬಳಿದ ಅಂಟು ಜಾಲರಿ ಕಟ್ಟಿತ್ತು. ನನಗೆ ಆ ಕೆಲಸ ಗೊತ್ತೇ ಇರಲಿಲ್ಲ."

ಯಾರಾದರೂ ನಕ್ಕಿದ್ದರೆ ಚೆನ್ನಾಗಿತ್ತು. ಯಾರೂ ನಗಲಿಲ್ಲ. ಪುಟ್ಟಣ್ಣ ಮುಖ ಬೇರೆ ಕಡೆ ತಿರುಗಿಸಿದ.

ಓಬಯ್ಯ ಗುದ್ದಲಿ ಊರಿ ನಿಂತ. "ಎಣ್ಣೆ ಇತ್ತಾ ಬುದ್ಧಿ?" ಎಂದು ಕೇಳಿದ. "ನೋಡಿದ್ದೆ ಅನ್ನೋ ನೆನಪಿತ್ತು. ಗೌಡ್ರು ಅಷ್ಟು ಹೇಳಿದ್ಮೇಲೆ, ನೋಡಿಲ್ವೇನೋ, ವಯಸ್ಸಾಯ್ತೇನೋ ಅಂತ ನನಗೇ ಅನ್ನಿಸಿಬಿಟ್ಟಿತ್ತು. ಮನೇಲೂ ಹಂಗೇ ಹೇಳಿದ್ದೆ."

"ತಪ್ಪಾಯ್ತು ಕಣೋ," ಎಂದರು ಚೌಡಪ್ಪ. "ಕೆಲಸಕ್ಕೆ ಬಾ."

"ಪುಟ್ಟಣ್ಣೋರಿಗೆ ಮಾತು ಕೊಟ್ಟಿದೀನಿ ಗೌಡ್ರೇ. ಎಂಜಿನ್ ರಿಪೇರಿ ಆಗಿ ಬಂದಾಗ ಹೇಳಿ ಕಳಿಸಿ, ಕೂರಿಸಿಕೊಟ್ಟು ಹೋಗ್ತೀನಿ."

ಹೇಳಿದಂತೆಯೇ ಬಂದ. ರಾಮಚಂದ್ರಪ್ಪ ರಜೆ ಹಾಕಿ ಬಂದು, ಅವನು ಎತ್ತಿ ಎಂದಾಗ ಎತ್ತಿ, ಇಳಿಸಿ ಎಂದಾಗ ಇಳಿಸಿದ. ನೀರು ಕಾಲುವೆಗೆ ಬಿದ್ದ ಮೇಲೆ ಓಬಯ್ಯ ಕೈ ತೊಳೆದುಕೊಂಡು, ಚೌಡಪ್ಪ ಎಷ್ಟು ಹೇಳಿದರೂ ಕಾಫಿಗೆ ನಿಲ್ಲದೆ, ಪುಟ್ಟಣ್ಣನ ಹೊಲದ ಕಡೆ ಹೊರಟುಹೋದ.